ಎಲೆಯಾಟಗಾರರ ಶ್ರೇಯಾಂಕ: ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ಇಸ್ಪೀಟೆಲೆ ಎಂದೊಡನೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದು ನಮ್ಮಲ್ಲಿ ವಾಡಿಕೆ. ಎಲೆಯಾಟವೆಂದರೆ ಅದೃಷ್ಟದ ಆಟ, ಅದೃಷ್ಟದ ಆಟವೆಂದರೆ ಜೂಜು, ಜೂಜೆಂದರೆ ಮನೆ ಮುಳುಗುವ ದಾರಿ. ಹೀಗೆ ಮೂರೇ ಹೆಜ್ಜೆಗಳಲ್ಲಿ ಅವರ ತರ್ಕ ಮುಗಿದುಹೋಗುತ್ತದೆ. ಆದರೆ ಮೊದಲನೆಯ ಹೆಜ್ಜೆಯೇ ಪೂರ್ತಿಯಾಗಿ ಸರಿಯಲ್ಲ. 1967ರಲ್ಲಿ ನಮ್ಮ ಸುಪ್ರೀಂ ಕೋರ್ಟು ರಮ್ಮಿಯ ವಿಷಯವಾಗಿ ತೀರ್ಪು ಕೊಡುವಾಗ, ಬಿದ್ದ ಎಲೆಗಳನ್ನು ನೆನಪಿಡುವುದಕ್ಕೂ ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕೆಂಬುದನ್ನು ನಿರ್ಧರಿಸುವುದಕ್ಕೂ ಕೌಶಲ ಬೇಕಾಗುವುದರಿಂದ, ಅದು ಮುಖ್ಯವಾಗಿ ಕೌಶಲದ ಆಟವೇ ಎಂದು ಹೇಳಿತು. ಎಂದರೆ, ಎಲೆಯಾಟದಲ್ಲಿ ಅದೃಷ್ಟವೂ ಉಂಟು, ಕೌಶಲವೂ ಉಂಟು. ಇವೆರಡೂ ಹಾಲುನೀರಿನಂತೆ ಬೆರೆತಿರುವಲ್ಲಿ ಕೌಶಲವನ್ನಷ್ಟೇ ಬೇರ್ಪಡಿಸಿ ಅದಕ್ಕೊಂದು ಸಂಖ್ಯೆ ಕೊಡುವುದು ಸಾಧ್ಯವೆ? ಕೊಟ್ಟರೆ ಆ ಸಂಖ್ಯೆಗೆ ಬೆಲೆಯೆಷ್ಟು?

ಈ ಪ್ರಶ್ನೆ ನಮ್ಮ ಮುಂದೆ ಬಂದದ್ದು ಪ್ರಯೋಗಶಾಲೆಯಲ್ಲಿ. ಲೋಲಕದ ಪ್ರಯೋಗ ಮುಗಿಸಿ ಕುಳಿತಿದ್ದ ಒಬ್ಬ ವಿದ್ಯಾರ್ಥಿ ತನ್ನ ಮೊಬೈಲಿನಲ್ಲಿ ಒಂದು ಎಲೆಯಾಟವನ್ನು ನೋಡುತ್ತಿದ್ದ, ಆಡುತ್ತಿರಲಿಲ್ಲ. ಕೇಳಿದಾಗ, "ತಿಂಗಳು ಮುಗಿಯುವುದಕ್ಕೆ ಇನ್ನು ಮೂರು ದಿನ ಇದೆ, ಸಾರ್. ಈಗ ಆಡಿದರೆ ನನ್ನ ಸ್ಥಾನ ಇಳಿದುಹೋಗುತ್ತದೆ. ಅದಕ್ಕೇ ಸುಮ್ಮನಿದ್ದೇನೆ" ಎಂದ. ಆಟವನ್ನು ಅಷ್ಟೊಂದು ಪ್ರೀತಿಸುವ ಹುಡುಗ ಆಡದೆ ಕುಳಿತಿರಬೇಕಾದರೆ ಆ ಸಂಖ್ಯೆಯಲ್ಲಿ ಏನೋ ವಿಶೇಷವಿರಬೇಕು. ಅವನ ಪಕ್ಕದಲ್ಲಿದ್ದವನು, "ಅದೆಲ್ಲಾ ಬರಿಯ ಲಕ್ಕು, ಸಾರ್. ಆ ಅಂಕಕ್ಕೆ ಅರ್ಥವೇ ಇಲ್ಲ" ಎಂದು ಹಾಸ್ಯಮಾಡಿದ. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಆ ಆಟದ ಹೆಸರು 'ಮ್ಯಾಜಿಕ್: ದಿ ಗ್ಯಾದರಿಂಗ್'. ಇದನ್ನು ರಚಿಸಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು. 1993ರಲ್ಲಿ ಅಮೆರಿಕಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಸಂಸ್ಥೆ ಇದನ್ನು ಪ್ರಕಟಿಸಿತು. ಇಸ್ಪೀಟಿನಲ್ಲಿ ಇಬ್ಬರಿಗೂ ಒಂದೇ ಕಟ್ಟಿನಿಂದ ಎಲೆಗಳನ್ನು ಹಂಚುತ್ತಾರಷ್ಟೆ. ಇಲ್ಲಿ ಹಾಗಲ್ಲ. ಪ್ರತಿಯೊಬ್ಬ ಆಟಗಾರನೂ ತನ್ನದೇ ಆದ ಕಟ್ಟನ್ನು, ಸಾಮಾನ್ಯವಾಗಿ 60 ಎಲೆಗಳದನ್ನು, ಮನೆಯಲ್ಲಿಯೇ ಆರಿಸಿ ಜೋಡಿಸಿಕೊಂಡು ಬರುತ್ತಾನೆ. ಆರಿಸುವುದಕ್ಕೆ ಇರುವ ಎಲೆಗಳ ಬಗೆಗಳು ಈಗ 20 ಸಾವಿರಕ್ಕೂ ಮಿಕ್ಕಿವೆ. ವರ್ಷವರ್ಷವೂ ಹೊಸ ಎಲೆಗಳು ಅಚ್ಚಾಗುತ್ತಲೇ ಇರುತ್ತವೆ. ಆದುದರಿಂದ ಆಟದ ಅರ್ಧಪಾಲು ಕೌಶಲ ಮೇಜಿನ ಮುಂದೆ ಕುಳಿತುಕೊಳ್ಳುವುದಕ್ಕೆ ಮೊದಲೇ ಖರ್ಚಾಗಿರುತ್ತದೆ. 1996ರಲ್ಲಿ ನ್ಯೂಯಾರ್ಕಿನಲ್ಲಿ 'ಪ್ರೋ ಟೂರ್' ಎಂಬ ವೃತ್ತಿಪರ ಸ್ಪರ್ಧೆಗಳ ಸರಣಿ ಆರಂಭವಾಯಿತು. ಅಲ್ಲಿಗೆ ಪ್ರವೇಶ ಎಲ್ಲರಿಗೂ ಇಲ್ಲ, ಅರ್ಹತೆ ಬೇಕು. ಅರ್ಹತೆಯನ್ನು ನಿರ್ಣಯಿಸುವುದಕ್ಕೆ ಅಳತೆಗೋಲು ಬೇಕು. ಸಂಸ್ಥೆ ಆ ಅಳತೆಗೋಲನ್ನು ಚದುರಂಗದವರಿಂದ ಎರವಲು ತಂದಿತು.

ಚದುರಂಗದವರಿಗೆ ಅದನ್ನು ಮಾಡಿಕೊಟ್ಟವರು ಭೌತವಿಜ್ಞಾನದ ಅಧ್ಯಾಪಕರು ಎಂಬುದು ನಮಗೆ ವಿಶೇಷ ಸಂತೋಷದ ಸಂಗತಿ. ಆರ್ಪಾಡ್ ಏಲೊ ಹುಟ್ಟಿದ್ದು 1903ರಲ್ಲಿ, ಹಂಗೇರಿಯಲ್ಲಿ. ಹುಡುಗನಾಗಿದ್ದಾಗಲೇ ಅಮೆರಿಕಾಕ್ಕೆ ಹೋಗಿ, ಮುಂದೆ ಮಿಲ್‌ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನವನ್ನು ಬೋಧಿಸಿದರು. ವಿಸ್ಕಾನ್ಸಿನ್ ಸಂಸ್ಥಾನದ ಚದುರಂಗ ಪ್ರಶಸ್ತಿಯನ್ನು 8 ಸಲ ಗೆದ್ದರು. ಅವರ ಪದ್ಧತಿಯನ್ನು ಅಮೆರಿಕಾದ ಚದುರಂಗ ಸಂಘ 1960ರಲ್ಲಿಯೂ, ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಡೆ 1970ರಲ್ಲಿಯೂ ಅಂಗೀಕರಿಸಿದವು.

ಪದ್ಧತಿಯ ತಿರುಳು ಸರಳವಾದುದು. ಪ್ರತಿಯೊಬ್ಬನಿಗೂ ಒಂದು ಅಂಕವಿರುತ್ತದೆ. ಇಬ್ಬರ ಅಂಕಗಳ ವ್ಯತ್ಯಾಸವನ್ನು ನೋಡಿ ಯಾರು ಎಷ್ಟು ಸಲ ಗೆಲ್ಲಬೇಕೆಂಬ ನಿರೀಕ್ಷೆಯನ್ನು ಲೆಕ್ಕಹಾಕುತ್ತಾರೆ. ಈಗ ಬಳಕೆಯಲ್ಲಿರುವ ರೂಪದಲ್ಲಿ, ವ್ಯತ್ಯಾಸ 400 ಆಗಿದ್ದರೆ ಮೇಲಿನವನ ಗೆಲುವು ಕೆಳಗಿನವನ ಗೆಲುವಿನ ಹತ್ತರಷ್ಟು. ವ್ಯತ್ಯಾಸ 200 ಆದರೆ ಹತ್ತರ ವರ್ಗಮೂಲದಷ್ಟು, ಎಂದರೆ 3.16ರಷ್ಟು, ಇದು ಶೇಕಡ 76 ಗೆಲುವಿಗೆ ಸಮ. ವ್ಯತ್ಯಾಸ 100 ಆದರೆ ಶೇಕಡ 64. ಪಂದ್ಯ ಮುಗಿದಮೇಲೆ ನಿರೀಕ್ಷೆಗೂ ಫಲಿತಾಂಶಕ್ಕೂ ಇರುವ ಅಂತರವನ್ನು 'ಕೆ' ಎಂಬ ಒಂದು ಸಂಖ್ಯೆಯಿಂದ ಗುಣಿಸಿ, ಗೆದ್ದವನಿಗೆ ಕೂಡಿಸಿ ಸೋತವನಿಂದ ಕಳೆಯುತ್ತಾರೆ. ಕೆ 32 ಎಂದು ಇಟ್ಟುಕೊಳ್ಳಿ. ಸಮಾನರಿಬ್ಬರು ಆಡಿದರೆ ಗೆದ್ದವನಿಗೆ 16 ಬರುತ್ತದೆ, ಸೋತವನಿಂದ 16 ಹೋಗುತ್ತದೆ. 200 ಅಂಕ ಮೇಲಿರುವವನು ಗೆದ್ದರೆ ಅವನಿಗೆ ಸಿಕ್ಕುವುದು ಸುಮಾರು 8 ಮಾತ್ರ. ಸೋತರೆ ಕಳೆದುಕೊಳ್ಳುವುದು 24. ದೊಡ್ಡವನು ಚಿಕ್ಕವನನ್ನು ಗೆಲ್ಲುವುದರಲ್ಲಿ ಹೆಚ್ಚುಗಾರಿಕೆಯಿಲ್ಲವೆಂಬ ಲೋಕಜ್ಞಾನವೇ ಇಲ್ಲಿ ಗಣಿತದ ವೇಷ ತೊಟ್ಟು ಬಂದಿದೆ. ಮ್ಯಾಜಿಕ್ ಆಟದಲ್ಲಿ ಎಲ್ಲರೂ 1600ರಿಂದ ಹೊರಡುತ್ತಿದ್ದರು. ಸ್ಪರ್ಧೆ ಸಣ್ಣದಾದರೆ ಕೆ ಸಣ್ಣದು, ದೊಡ್ಡದಾದರೆ ದೊಡ್ಡದು. 8ರಿಂದ 48ರವರೆಗೆ ಅದನ್ನು ಬದಲಾಯಿಸುತ್ತಿದ್ದರು.

ತಮ್ಮ ಅಳತೆಗೋಲು ಚಿನ್ನದ ತಕ್ಕಡಿಯೆಂದು ಏಲೊ ಎಂದೂ ಹೇಳಲಿಲ್ಲ. ಕಲಕಿದ ನೀರಿನ ಮೇಲೆ ಕುಣಿಯುತ್ತಿರುವ ಬೆಂಡಿನ ಸ್ಥಾನವನ್ನು, ಗಾಳಿಯಲ್ಲಿ ತೂಗಾಡುವ ಹಗ್ಗಕ್ಕೆ ಕಟ್ಟಿದ ಗಜಕಡ್ಡಿಯಿಂದ ಅಳೆಯುವ ಕೆಲಸಕ್ಕೆ ಅವರು ಅದನ್ನು ಹೋಲಿಸಿದ್ದುಂಟು. ಚದುರಂಗದಂಥ ಆಟದಲ್ಲಿಯೇ ಈ ಗತಿ. ಅಲ್ಲಿ ದಾಳವಿಲ್ಲ, ಮುಚ್ಚಿಟ್ಟ ಎಲೆಯಿಲ್ಲ. ಎರಡು ಕಡೆಯ ಕಾಯಿಗಳೂ ಕಣ್ಣಮುಂದೆಯೇ ಇರುತ್ತವೆ. ಹಾಗಾದರೆ ಕಟ್ಟನ್ನು ಕಲೆಸಿ ಆಡುವ ಆಟದಲ್ಲಿ ನೀರು ಇನ್ನೆಷ್ಟು ಕಲಕಿರಬೇಕು?

ಮ್ಯಾಜಿಕ್ ಆಟದ ಎಲೆಗಳಲ್ಲಿ ಒಂದು ಮುಖ್ಯ ಜಾತಿ 'ನೆಲ'ದ್ದು. ನೆಲದ ಎಲೆಗಳು ಹಣವಿದ್ದಂತೆ. ಮಿಕ್ಕ ಎಲೆಗಳನ್ನು ಆಡಬೇಕಾದರೆ ಅವುಗಳಿಂದ ಬರುವ ಶಕ್ತಿಯನ್ನು ತೆರಬೇಕು. 60ರ ಕಟ್ಟಿನಲ್ಲಿ ಸುಮಾರು 24 ನೆಲಗಳನ್ನು ಇಡುವುದು ರೂಢಿ. ಆಟದ ಆರಂಭದಲ್ಲಿ ಕೈಗೆ ಬರುವುದು 7 ಎಲೆ. ಅವುಗಳಲ್ಲಿ ಎಷ್ಟು ನೆಲಗಳಿರಬಹುದು? ಪಿ.ಯು. ತರಗತಿಯಲ್ಲಿ ಕಲಿತ ವಿಕಲ್ಪಗಳ ಲೆಕ್ಕವೇ ಇದಕ್ಕೆ ಸಾಕು. 60 ಎಲೆಗಳಿಂದ 7ನ್ನು 38 ಕೋಟಿ 62 ಲಕ್ಷಕ್ಕೂ ಹೆಚ್ಚು ವಿಧಗಳಲ್ಲಿ ಆರಿಸಬಹುದು. ಅವುಗಳಲ್ಲಿ ನೆಲವೇ ಇಲ್ಲದ ಕೈ ನೂರಕ್ಕೆ 2.2, ಒಂದೇ ನೆಲದ ಕೈ 12.1, ಇವೆರಡರಲ್ಲಿಯೂ ಆಟಗಾರ ಕೈಯಲ್ಲಿ ಕಾಸಿಲ್ಲದೆ ಸಂತೆಗೆ ಬಂದವನಂತೆ. ಮತ್ತೊಂದು ಕಡೆ ಆರು ಅಥವಾ ಏಳೂ ನೆಲಗಳೇ ಆದ ಕೈ ನೂರಕ್ಕೆ 1.3, ಆಗ ಕಾಸು ಇದೆ, ಕೊಳ್ಳುವ ಸರಕಿಲ್ಲ. ಎಲ್ಲವನ್ನೂ ಕೂಡಿದರೆ 15.6. ಎಂದರೆ ಆರೇಳು ಕೈಗಳಿಗೆ ಒಂದು, ಆಟಗಾರ ಎಷ್ಟೇ ಜಾಣನಾಗಿರಲಿ, ಹುಟ್ಟುವಾಗಲೇ ಕುಂಟು. ಅಂಥ ಕೈಯನ್ನು ಹಿಂದಿರುಗಿಸಿ ಬೇರೆ ಪಡೆಯಬಹುದು, ನಿಜ. ಆದರೆ ಒಂದು ಎಲೆಯನ್ನು ಕಳೆದುಕೊಳ್ಳಬೇಕು. ಇದು ಮೊದಲನೆಯ ಕೈಯ ಮಾತಾಯಿತು. ಮುಂದೆ ಪ್ರತಿಯೊಂದು ಸರದಿಯಲ್ಲಿಯೂ ಎಳೆಯುವ ಎಲೆಯಲ್ಲಿ ಇದೇ ಕಥೆ.

ಈ ಅದೃಷ್ಟವನ್ನು ತಗ್ಗಿಸುವುದಕ್ಕೆ ಸ್ಪರ್ಧೆಗಳಲ್ಲಿ ಮೂರರಲ್ಲಿ ಎರಡು ಆಟ ಗೆದ್ದವನಿಗೆ ಪಂದ್ಯ ಎಂಬ ನಿಯಮ ಮಾಡಿದ್ದಾರೆ. ಅದರಿಂದ ಆಗುವ ಉಪಕಾರ ನಾವು ಎಣಿಸುವಷ್ಟು ದೊಡ್ಡದಲ್ಲ. ಒಂದೊಂದು ಆಟವನ್ನೂ ನೂರಕ್ಕೆ 55 ಸಲ ಗೆಲ್ಲತಕ್ಕವನು ಮೂರಾಟಗಳ ಪಂದ್ಯವನ್ನು ಗೆಲ್ಲುವುದು ನೂರಕ್ಕೆ 57 ಅಥವಾ 58 ಸಲ, ಅಷ್ಟೆ. ಆದಕಾರಣವೇ ಅತ್ಯುನ್ನತ ಮಟ್ಟದ ಕೂಟಗಳಲ್ಲಿ ಹೆಸರಾಂತ ಆಟಗಾರರು ಕೂಡ ದೀರ್ಘಕಾಲದಲ್ಲಿ ಗೆಲ್ಲುವುದು ಶೇಕಡ 60ರಿಂದ 65ರಷ್ಟು ಪಂದ್ಯಗಳನ್ನು ಮಾತ್ರ. ಏಲೊ ಮಾನದಲ್ಲಿ ಶೇಕಡ 65 ಎಂದರೆ ಕೇವಲ 108 ಅಂಕಗಳ ವ್ಯತ್ಯಾಸ. ಚದುರಂಗದಲ್ಲಿ 2500ರ ಗ್ರಾಂಡ್‌ಮಾಸ್ಟರನಿಗೂ 2000ದ ಒಳ್ಳೆಯ ಆಟಗಾರನಿಗೂ ನಡುವೆ 500 ಅಂಕಗಳ ಬೆಟ್ಟವೇ ಇದೆ. ಎಲೆಯಾಟದಲ್ಲಿ, ವೃತ್ತಿಪರರೊಳಗೆ ಆಡುವಾಗ, ಮೊದಲನೆಯವನಿಗೂ ಮಧ್ಯಮನಿಗೂ ನಡುವೆ ಇರುವುದು ಒಂದು ದಿಣ್ಣೆ ಮಾತ್ರ.

ಬೆಟ್ಟದ ಎತ್ತರವನ್ನು ಅಳೆಯುವಾಗ ಹತ್ತು ಅಡಿಯ ತಪ್ಪು ತಪ್ಪೇ ಅಲ್ಲ. ದಿಣ್ಣೆಯನ್ನು ಅಳೆಯುವಾಗ ಹಾಗಲ್ಲ. ಇಲ್ಲಿ ಅಳತೆಯ ದೋಷ ಎಷ್ಟು?

ಇದನ್ನು ಎರಡು ವಿಧದಲ್ಲಿ ನೋಡಬಹುದು. ಮೊದಲನೆಯದಾಗಿ, ಒಂದು ದಿನದ ಕೂಟವನ್ನು ತೆಗೆದುಕೊಳ್ಳಿ. ಎಂಟು ಸುತ್ತು. ನಮ್ಮ ಆಟಗಾರ ನಿಜವಾಗಿಯೂ ಶೇಕಡ 60 ಗೆಲ್ಲುವ ಸಾಮರ್ಥ್ಯವುಳ್ಳವನು. ಆದರೂ ಆ ದಿನ ಅವನು ನಾಲ್ಕು ಅಥವಾ ಅದಕ್ಕಿಂತ ಕಡಮೆ ಪಂದ್ಯಗಳನ್ನು ಗೆದ್ದು ಮನೆಗೆ ಹೋಗುವ ಸಂಭವ ನೂರಕ್ಕೆ 40! ಐದು ಕೂಟಗಳಿಗೆ ಎರಡರಲ್ಲಿ ಈ ನಿಪುಣನು ನೋಡುವವರಿಗೆ ಸಾಮಾನ್ಯನಂತೆ ಕಾಣುತ್ತಾನೆ. ಹಾಗಾದರೆ ಎಷ್ಟು ಪಂದ್ಯಗಳನ್ನು ನೋಡಿದರೆ ಅವನು ಸಾಮಾನ್ಯನಲ್ಲವೆಂದು ಧೈರ್ಯವಾಗಿ ಹೇಳಬಹುದು? ಪ್ರಯೋಗಶಾಲೆಯಲ್ಲಿ ನಾವು ಮತ್ತೆ ಮತ್ತೆ ಹೇಳುವ ನಿಯಮ ಇಲ್ಲಿಯೂ ನಡೆಯುತ್ತದೆ: ದೋಷವು ಅಳತೆಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ನೂರು ಪಂದ್ಯಗಳಲ್ಲಿ ಗೆಲುವಿನ ಪ್ರಮಾಣದ ದೋಷ ಸುಮಾರು ಶೇಕಡ 5. ಶೇಕಡ 60ರವನನ್ನು ಶೇಕಡ 50ರವನಿಂದ ಬೇರ್ಪಡಿಸಲು ಈ ದೋಷದ ಎರಡರಷ್ಟು ಅಂತರ ಬೇಕೆಂದಿಟ್ಟುಕೊಂಡರೆ 100 ಪಂದ್ಯಗಳು ಬೇಕು. ಅವನು ಶೇಕಡ 55ರವನಾದರೆ 400 ಬೇಕು. ಅರ್ಧದಷ್ಟು ವ್ಯತ್ಯಾಸಕ್ಕೆ ನಾಲ್ಕರಷ್ಟು ಶ್ರಮ. ಪ್ರಕೃತಿ ಈ ವಿಷಯದಲ್ಲಿ ರಿಯಾಯಿತಿ ತೋರಿಸುವುದಿಲ್ಲ. ವಾರಕ್ಕೊಂದು ಸಂಜೆ ಅಂಗಡಿಯ ಕೂಟದಲ್ಲಿ ನಾಲ್ಕು ಪಂದ್ಯವಾಡುವ ಹುಡುಗನಿಗೆ 400 ಪಂದ್ಯಗಳಾಗಬೇಕಾದರೆ 100 ವಾರಗಳು, ಹೆಚ್ಚುಕಡಿಮೆ ಎರಡು ವರ್ಷ. ಅಷ್ಟರಲ್ಲಿ ಹೊಸ ಎಲೆಗಳು ಬಂದು ಹಳೆಯ ಕಟ್ಟುಗಳು ಮೂಲೆಗುಂಪಾಗಿರುತ್ತವೆ. ಹುಡುಗನೂ ಹೆಚ್ಚು ಕಲಿತಿರುತ್ತಾನೆ, ಇಲ್ಲವೆ ಪರೀಕ್ಷೆಯ ಕಾಟದಿಂದ ಮರೆತಿರುತ್ತಾನೆ. ಅಳೆಯುತ್ತಿರುವ ವಸ್ತುವೇ ಅಳತೆ ಮುಗಿಯುವುದರೊಳಗೆ ಬದಲಾಗಿಬಿಡುತ್ತದೆ.

ಎರಡನೆಯದಾಗಿ, ಅಂಕದ ಚಲನೆಯನ್ನೇ ಗಮನಿಸೋಣ. ಒಬ್ಬನ ಕೌಶಲ ಕಲ್ಲಿನಂತೆ ಸ್ಥಿರವಾಗಿದೆಯೆಂದು ಭಾವಿಸಿ. ಆದರೂ ಪ್ರತಿ ಪಂದ್ಯವೂ ಅವನ ಅಂಕವನ್ನು 16ರಷ್ಟು ಮೇಲಕ್ಕೋ ಕೆಳಕ್ಕೋ ತಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನೀರಿನ ಅಣುಗಳ ಹೊಡೆತಕ್ಕೆ ಸಿಕ್ಕಿದ ಪರಾಗದ ಧೂಳು ಅತ್ತಿತ್ತ ಅಲೆಯುವುದಲ್ಲವೆ? ಅದೇ ಬ್ರೌನಿಯನ್ ಚಲನೆ. ಒಂದು ವ್ಯತ್ಯಾಸವುಂಟು: ಅಂಕ ತನ್ನ ನೆಲೆಯಿಂದ ಬಹಳ ಮೇಲೆ ಹೋದರೆ ಗೆಲುವಿಗೆ ಸಿಕ್ಕುವುದು ಕಡಮೆಯಾಗಿ ಸೋಲಿಗೆ ತೆರುವುದು ಹೆಚ್ಚಾಗುವುದರಿಂದ, ಅದನ್ನು ಹಿಂದಕ್ಕೆ ಎಳೆಯುವ ಒಂದು ಸ್ಪ್ರಿಂಗು ಇದ್ದಂತಾಯಿತು. ಸ್ಪ್ರಿಂಗಿಗೆ ಕಟ್ಟಿದ ಧೂಳಿನ ಕಣ ಎಷ್ಟು ದೂರ ಅಲೆಯುವುದೆಂಬ ಲೆಕ್ಕ ಭೌತವಿಜ್ಞಾನಿಗಳಿಗೆ ಹಳೆಯದು. ಅದನ್ನೇ ಇಲ್ಲಿ ಹಾಕಿದರೆ, ಕೆ 32 ಆದಾಗ ಅಲೆದಾಟ ಸುಮಾರು 53 ಅಂಕ. ಕೆ 16 ಆದಾಗ ಸುಮಾರು 38. ಇಬ್ಬರು ಸರಿಸಮಾನರಾದ ಆಟಗಾರರ ಅಂಕಗಳನ್ನು ಯಾವುದೋ ಒಂದು ದಿನ ತೆಗೆದು ನೋಡಿದರೆ ಅವುಗಳ ನಡುವೆ 75ರಷ್ಟು ಅಂತರ ಕಾಣುವುದು ಅಸಾಧಾರಣವೇನೂ ಅಲ್ಲ. ಶೇಕಡ 60 ಗೆಲ್ಲುವ ನಿಪುಣನಿಗೂ ಸಾಮಾನ್ಯನಿಗೂ ಇರುವ ನಿಜವಾದ ವ್ಯತ್ಯಾಸವಾದರೋ 70! ಅಂದಮೇಲೆ 1742ರವನು 1731ರವನನ್ನು ನೋಡಿ ಮೀಸೆ ತಿರುವುವುದು, ಸಾಧಾರಣ ಗಡಿಯಾರದಿಂದ ಲೋಲಕದ ಕಾಲವನ್ನು ಅಳೆದು ಉತ್ತರವನ್ನು ನಾಲ್ಕು ದಶಾಂಶ ಸ್ಥಾನಗಳವರೆಗೆ ಬರೆಯುವುದೂ ಒಂದೇ. ನಮ್ಮ ವಿದ್ಯಾರ್ಥಿಗಳ ರೆಕಾರ್ಡು ಪುಸ್ತಕಗಳಲ್ಲಿ ಈ ಬಗೆಯ ದಶಾಂಶಗಳ ಮೇಲೆ ಎಷ್ಟು ಕೆಂಪು ಶಾಯಿ ಖರ್ಚಾಗಿದೆಯೋ ಲೆಕ್ಕವಿಲ್ಲ.

ಹಾಗಾದರೆ ಎರಡನೆಯ ಹುಡುಗ ಹೇಳಿದಂತೆ ಎಲ್ಲವೂ ಬರಿಯ ಅದೃಷ್ಟವೆ? ಖಂಡಿತ ಅಲ್ಲ. ಜರ್ಮನಿಯ ಕಾಯ್ ಬುಡ್ಡೆ ಪ್ರೋ ಟೂರ್ ಕೂಟಗಳನ್ನು 7 ಬಾರಿ ಗೆದ್ದರು. ಅಮೆರಿಕಾದ ಜಾನ್ ಫಿಂಕೆಲ್ 3 ಬಾರಿ. ನೂರಾರು ಮಂದಿ ಸೇರುವ ಕೂಟವನ್ನು ಅದೃಷ್ಟದಿಂದ ಒಮ್ಮೆ ಗೆಲ್ಲಬಹುದು. ಏಳು ಸಲ ಗೆದ್ದದ್ದನ್ನು ಅದೃಷ್ಟದ ಲೆಕ್ಕಕ್ಕೆ ಬರೆಯುವುದಕ್ಕೆ ಯಾವ ಗಣಿತವೂ ಒಪ್ಪುವುದಿಲ್ಲ. ಒಂದು ಪಂದ್ಯದಲ್ಲಿ ಕಾಣದ ಕೌಶಲ ಸಾವಿರ ಪಂದ್ಯಗಳಲ್ಲಿ ತಾನಾಗಿಯೇ ಮೇಲೆ ತೇಲುತ್ತದೆ. ಆದುದರಿಂದ ಅಂಕ ಸುಳ್ಳಲ್ಲ, ಒರಟು. 1900 ಮತ್ತು 1600ರ ನಡುವಣ ವ್ಯತ್ಯಾಸವನ್ನು ನಂಬಬಹುದು. 1742 ಮತ್ತು 1731ರ ನಡುವಣದನ್ನು ನಂಬಲಾಗದು.

ವಿಷಯ ಇಷ್ಟಕ್ಕೇ ಮುಗಿದಿದ್ದರೆ ಅದೊಂದು ಸಾಮಾನ್ಯ ದೋಷಗಣಿತವಾಗುತ್ತಿತ್ತು. ನಿಜವಾದ ತೊಡಕು ಪ್ರಾರಂಭವಾದದ್ದು ಈ ಒರಟು ಸಂಖ್ಯೆಗೆ ಬಹುಮಾನವನ್ನು ಗಂಟುಹಾಕಿದಾಗ. ಅಂಕಪಟ್ಟಿಯ ಮೇಲ್ಭಾಗದಲ್ಲಿದ್ದವರಿಗೆ ಪ್ರೋ ಟೂರಿಗೆ ಆಹ್ವಾನ ಬರುತ್ತಿತ್ತು. ಅಲ್ಲಿ ಒಟ್ಟು ಬಹುಮಾನ 2 ಲಕ್ಷ ಡಾಲರುಗಳನ್ನು ಮೀರಿದ್ದುಂಟು. 'ಗ್ರಾಂಡ್ ಪ್ರೀ' ಎಂಬ ತೆರೆದ ಕೂಟಗಳಲ್ಲಿ ಹೆಚ್ಚು ಅಂಕವಿದ್ದವರಿಗೆ ಮೊದಲ ಕೆಲವು ಸುತ್ತುಗಳನ್ನು ಆಡದೆಯೇ ಗೆದ್ದಂತೆ ಎಣಿಸುವ 'ಬೈ' ಎಂಬ ಸೌಲಭ್ಯವೂ ಇತ್ತು. ಅಂಕವಿದ್ದವನಿಗೆ ಗೆಲುವು ಸುಲಭ. ಉಳ್ಳವನ ಮನೆಗೇ ಹಾಲು ಹರಿದಂತೆ.

ಹೀಗಿರುವಲ್ಲಿ ಗಡಿರೇಖೆಗಿಂತ ಸ್ವಲ್ಪ ಮೇಲಿರುವ ಆಟಗಾರ ಏನು ಮಾಡಬೇಕು? ಪಟ್ಟಿಯ ತುದಿಯಲ್ಲಿ ಯಾರಿರುತ್ತಾರೆ ಎಂಬುದನ್ನು ಯೋಚಿಸಿ. ಅಲ್ಲಿರುವವರು ನಿಪುಣರು, ಸರಿ. ಜೊತೆಗೆ ಸದ್ಯಕ್ಕೆ ಅದೃಷ್ಟದ ಅಲೆಯ ನೆತ್ತಿಯಲ್ಲಿಯೂ ಇರುವವರು. ಅಲೆಯ ನೆತ್ತಿಯಲ್ಲಿರುವ ಬೆಂಡಿಗೆ ಮುಂದಿನ ಗತಿ ಇಳಿಯುವುದೇ. ಒಂದು ಉದಾಹರಣೆ: 2000 ಅಂಕದವನೊಬ್ಬ 1800ರವರ ನಡುವೆ ಆಡಲು ಹೋಗುತ್ತಾನೆ. ಅವನ ನಿಜವಾದ ಶಕ್ತಿ ಶೇಕಡ 65 ಗೆಲ್ಲುವಷ್ಟು. ಗೆದ್ದಾಗ 8 ಅಂಕ, ಸೋತಾಗ 24. ನೂರು ಪಂದ್ಯಗಳಲ್ಲಿ ಅವನು ಗಳಿಸುವುದು 520, ಕಳೆಯುವುದು 840. ಮೂರರಲ್ಲಿ ಎರಡು ಪಂದ್ಯ ಗೆಲ್ಲುತ್ತಿದ್ದರೂ ಅವನ ಅಂಕ ಕರಗುತ್ತಾ ಬರುತ್ತದೆ! ಆಡದೆ ಮನೆಯಲ್ಲಿ ಕುಳಿತರೆ 2000 ಹಾಗೆಯೇ ಉಳಿಯುತ್ತದೆ. ಆದಕಾರಣ ಆಡದಿರುವುದು ಹೇಡಿತನವಲ್ಲ, ಶುದ್ಧ ಅಂಕಗಣಿತ. ಅನೇಕರು ಹೀಗೆಯೇ ಮಾಡಿದರು. ದೊಡ್ಡ ಕೂಟಕ್ಕೆ ಆಹ್ವಾನ ನಿರ್ಣಯವಾಗುವ ದಿನದವರೆಗೆ ತಿಂಗಳುಗಟ್ಟಲೆ ಎಲೆ ಮುಟ್ಟದೆ, ಅಂಕದ ಮೇಲೆ ಕಾವು ಕೂತ ಕೋಳಿಯಂತೆ ಕುಳಿತರು. ಆಟಕ್ಕಾಗಿ ಹುಟ್ಟಿದ ಅಳತೆ ಆಟವನ್ನೇ ನಿಲ್ಲಿಸಿತು. ಉಷ್ಣಮಾಪಕವನ್ನು ಇಟ್ಟೊಡನೆ ನೀರು ಹೆಪ್ಪುಗಟ್ಟಿದರೆ ಯಾವ ತಾಪವನ್ನು ಓದುವುದು?

2011ರಲ್ಲಿ ಸಂಸ್ಥೆ ಏಲೊ ಪದ್ಧತಿಯನ್ನು ಕೈಬಿಟ್ಟು 'ಪ್ಲೇನ್ಸ್‌ವಾಕರ್ ಪಾಯಿಂಟ್ಸ್' ಎಂಬ ಬೇರೊಂದು ಲೆಕ್ಕವನ್ನು ತಂದಿತು. ಇದರಲ್ಲಿ ಸೋತರೆ ಏನೂ ಹೋಗುವುದಿಲ್ಲ. ಭಾಗವಹಿಸಿದ್ದಕ್ಕಿಷ್ಟು, ಗೆದ್ದದ್ದಕ್ಕಿಷ್ಟು, ಕೂಟ ದೊಡ್ಡದಾದರೆ ಅದರ ಹಲವು ಪಟ್ಟು. ಒಟ್ಟು ಮೊತ್ತ ಏರಬಹುದೇ ಹೊರತು ಇಳಿಯಲಾರದು. ಮನೆಯಲ್ಲಿ ಕುಳಿತಿದ್ದವರು ಎದ್ದು ಹೊರಟರು. ರೋಗ ವಾಸಿಯಾಯಿತು, ಆದರೆ ಮದ್ದಿನ ಉಪದ್ರವ ಶುರುವಾಯಿತು. ಇಳಿಯಲಾರದ ಸಂಖ್ಯೆ ಕೌಶಲದ ಅಳತೆಯಲ್ಲ. ಅದು ಕಾರಿನ ಮೈಲಿ ಲೆಕ್ಕದ ಯಂತ್ರ. ಬಂಡಿ ಎಷ್ಟು ದೂರ ಓಡಿದೆಯೆಂದು ಅದು ಹೇಳೀತು, ಎಷ್ಟು ವೇಗವಾಗಿ ಓಡಬಲ್ಲುದೆಂದು ಹೇಳದು. ಬಿಡುವೂ ಪ್ರಯಾಣದ ಖರ್ಚಿಗೆ ಹಣವೂ ಉಳ್ಳವನು ಊರೂರು ಸುತ್ತಿ ಮೊತ್ತವನ್ನು ಬೆಳೆಸಬಲ್ಲ. ಶನಿವಾರವೂ ಕೆಲಸಕ್ಕೆ ಹೋಗಬೇಕಾದ ನಿಪುಣನ ಗತಿಯೇನು? ಈ ಲೆಕ್ಕವನ್ನೂ 2020ರಲ್ಲಿ ನಿಲ್ಲಿಸಿದರು.

ನಮ್ಮ ವಿದ್ಯಾರ್ಥಿ ಮೊಬೈಲಿನಲ್ಲಿ ನೋಡುತ್ತಿದ್ದದ್ದು ಇದೇ ಆಟದ ಗಣಕರೂಪ, 'ಅರೀನಾ'. 2019ರಲ್ಲಿ ಅದರ ಪೂರ್ಣರೂಪ ಹೊರಬಂದಿತು. ಇದರಲ್ಲಿ ಕಂಚಿನಿಂದ ಹಿಡಿದು ವಜ್ರದವರೆಗೆ, ಅದರ ಮೇಲೆ 'ಮಿಥಿಕ್' ಎಂದು, ಮೆಟ್ಟಿಲುಗಳಿವೆ. ತಿಂಗಳಿಗೊಮ್ಮೆ ಎಲ್ಲರನ್ನೂ ಕೆಳಕ್ಕಿಳಿಸಿ ಮತ್ತೆ ಏರಿಸುತ್ತಾರೆ. ಒಂದು ದರ್ಜೆಗೆ ಏರಿದವನು ಆ ತಿಂಗಳಲ್ಲಿ ಅದರ ಕೆಳಗಿನ ದರ್ಜೆಗೆ ಬೀಳುವುದಿಲ್ಲ. ಮುಂದೆ ಮಾತ್ರ ತಿರುಗುವ ರಾಟೆಯ ಹಲ್ಲಿನಂತೆ ಈ ನಿಯಮ ಸೋಲುಗೆಲುವು ಸಮನಾಗಿರುವವನನ್ನೂ ನಿಧಾನವಾಗಿ ಮೇಲಕ್ಕೆ ಹತ್ತಿಸುತ್ತದೆ. ಎಂದರೆ ಕೆಳಗಿನ ಮೆಟ್ಟಿಲುಗಳು ಹೆಚ್ಚಾಗಿ ಅಳೆಯುವುದು ತಾಳ್ಮೆಯನ್ನು. ತುದಿಯಲ್ಲಿ ಮಾತ್ರ ಏರಿಳಿತವುಳ್ಳ ನಿಜವಾದ ಅಂಕ, ತಿಂಗಳ ಕೊನೆಯಲ್ಲಿ ಮುಂದಿನ ಸ್ಪರ್ಧೆಗೆ ಅರ್ಹತೆ. ಆದುದರಿಂದ ಅಲ್ಲಿ ಮತ್ತೆ ಅದೇ ಹಳೆಯ ಕಾವು ಕೂರುವಿಕೆ.

ನಮ್ಮ ಅಭಿಪ್ರಾಯವನ್ನು ಕೇಳಿದರೆ, ಅಂಕದ ಸರಿಯಾದ ಉಪಯೋಗ ಒಂದೇ: ಯಾರನ್ನು ಯಾರೊಡನೆ ಆಡಿಸಬೇಕೆಂಬುದನ್ನು ಗೊತ್ತುಮಾಡುವುದು. ಹೊಸಬನಿಗೆ ಹೊಸಬ, ಪಳಗಿದವನಿಗೆ ಪಳಗಿದವ ಜೋಡಿಯಾದರೆ ಇಬ್ಬರಿಗೂ ಆಟ ರುಚಿಸುತ್ತದೆ. ಅದಕ್ಕೆ 50 ಅಂಕಗಳ ತಪ್ಪಿದ್ದರೂ ನಷ್ಟವಿಲ್ಲ; ಆ ಸಂಖ್ಯೆಯನ್ನು ಆಟಗಾರನಿಗೆ ತೋರಿಸಬೇಕಾದ ಅಗತ್ಯವೂ ಇಲ್ಲ. ದೊಡ್ಡ ಸ್ಪರ್ಧೆಗೆ ಆರಿಸುವಾಗ, ಅರ್ಹತೆಗೆಂದೇ ಏರ್ಪಡಿಸಿದ ಕೂಟದಲ್ಲಿ ಎದುರುಬದುರು ಕೂರಿಸಿ ಆಡಿಸುವುದು ಮೇಲು. ಅಲ್ಲಿಯೂ ಅದೃಷ್ಟವಿದೆ, ಒಪ್ಪುತ್ತೇವೆ. ಆದರೆ ಅಲ್ಲಿ ಗೆಲ್ಲಬೇಕಾದರೆ ಆಡಲೇಬೇಕು.

ಇಷ್ಟನ್ನೂ ಹೇಳಿದಮೇಲೆ ಆ ವಿದ್ಯಾರ್ಥಿ, "ಲೆಕ್ಕವೆಲ್ಲಾ ಸರಿ, ಸಾರ್. ಆದರೆ 75 ಅಂಕಗಳ ವ್ಯತ್ಯಾಸ ಸುಮ್ಮಸುಮ್ಮನೆ ಬರುತ್ತದೆಂದರೆ ನಂಬಿಕೆಯಾಗುವುದಿಲ್ಲ" ಎಂದ. ನಂಬದಿರುವುದು ವಿಜ್ಞಾನದ ವಿದ್ಯಾರ್ಥಿಗೆ ಒಳ್ಳೆಯ ಗುಣವೇ. ಅವನಿಗೆ ಒಂದು ಪ್ರಯೋಗವನ್ನು ಹೇಳಿಕೊಟ್ಟೆವು. ಅದಕ್ಕೆ ಎಲೆಯೂ ಬೇಡ, ಮೊಬೈಲೂ ಬೇಡ. ಒಂದು ರೂಪಾಯಿಯ ನಾಣ್ಯ ಸಾಕು. ವಾಚಕರೂ ಮಾಡಿ ನೋಡಬಹುದು.

ಕಾಗದದ ಮೇಲೆ ರಾಮ, ಸೋಮ ಎಂಬ ಇಬ್ಬರು ಆಟಗಾರರ ಹೆಸರು ಬರೆದು ಇಬ್ಬರಿಗೂ 1600 ಅಂಕ ಕೊಡಿ. ನಾಣ್ಯವನ್ನು ಚಿಮ್ಮಿ; ತಲೆ ಬಿದ್ದರೆ ರಾಮನಿಗೆ ಗೆಲುವು, ಇಲ್ಲವಾದರೆ ಸೋಮನಿಗೆ. ಇಬ್ಬರ ಅಂಕಗಳ ವ್ಯತ್ಯಾಸ 50ಕ್ಕಿಂತ ಕಡಮೆಯಿರುವಾಗ ಗೆದ್ದವನಿಗೆ 16 ಕೂಡಿಸಿ, ಸೋತವನಿಂದ 16 ಕಳೆಯಿರಿ. ವ್ಯತ್ಯಾಸ 50ರಿಂದ 150ರವರೆಗೆ ಇರುವಾಗ, ಮುಂದಿರುವವನು ಗೆದ್ದರೆ ಈ ಕೊಡುಕೊಳೆ 12, ಹಿಂದಿರುವವನು ಗೆದ್ದರೆ 20. ವ್ಯತ್ಯಾಸ 150ನ್ನು ಮೀರಿದರೆ ಕ್ರಮವಾಗಿ 8 ಮತ್ತು 24. ಹೀಗೆ 40 ಬಾರಿ ಚಿಮ್ಮಿ, ಪ್ರತಿಸಲವೂ ಇಬ್ಬರ ಅಂಕಗಳನ್ನು ಬರೆದಿಡಿ. ಚೌಕಳಿ ಕಾಗದದ ಮೇಲೆ ಎರಡು ರೇಖೆಗಳಾಗಿ ಎಳೆದರೆ ಇನ್ನೂ ಚೆನ್ನ. ನಾಣ್ಯದ ಎರಡು ಮುಖಗಳಲ್ಲಿ ಒಂದು ಇನ್ನೊಂದಕ್ಕಿಂತ ನಿಪುಣವಲ್ಲವಷ್ಟೆ. ಆದರೂ ಯಾವುದೋ ಒಂದು ಹಂತದಲ್ಲಿ ಇಬ್ಬರ ನಡುವಣ ಅಂತರ 100ನ್ನು ದಾಟಿದರೆ ಆಶ್ಚರ್ಯಪಡಬೇಕಾಗಿಲ್ಲ. ಆ ಕ್ಷಣದಲ್ಲಿ ಲೆಕ್ಕವನ್ನು ನಿಲ್ಲಿಸಿ, ಕಾಗದವನ್ನು ಪಕ್ಕದಲ್ಲಿರುವ ಗೆಳೆಯನಿಗೆ ತೋರಿಸಿ, ರಾಮ ಮೇಲೋ ಸೋಮ ಮೇಲೋ ಎಂದು ಕೇಳಿ.